ಬೀಗಿತಿಗೆ ತಂದ ಕಾಲುಚೀಲ

ಬುರುಲ್ಚಾ ಯಾರಿಗೂ ಒಂದು ಮಾತನ್ನು ಎರಡು ಸಲ ಹೇಳಿದವಳಲ್ಲ. ಸರೋವರದ ದಡದ ಬಾಲಿಕ್ಚಿ ಎಂಬ ಊರಿನ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ವ್ಯಾಯಾಮದ ಟೀಚರಾಗಿದ್ದಳು. ಐವತ್ತೆಂಟಕ್ಕೆ ನಿವೃತ್ತಳಾದ ದಿನ ಕೊರಳಿನ ಸೀಟಿಯನ್ನು ಬಿಚ್ಚಿ ಹೆಡ್ ಮೇಷ್ಟರ ಮೇಜಿನ ಮೇಲಿಟ್ಟು ಬಂದಳೇ ಹೊರತು ಗಂಟಲೊಳಗಿನ ಸೀಟಿ ಹಾಗೇ ಉಳಿದಿತ್ತು. ಊರಿನ ಅರ್ಧ ಜನ ಅವಳ ಕೈಕೆಳಗೆ ಓಡಿದವರು, ಜಿಗಿದವರು, ಬೈಸಿಕೊಂಡವರು. ಹಾಗಾಗಿ ಹುಡುಗಿಯರಿಂದ ಹಿಡಿದು ಮೊಮ್ಮಕ್ಕಳನ್ನು ಕಂಡವರವರೆಗೆ ಎಲ್ಲರಿಗೂ ಅವಳು ಎಜೆ, ಅಂದರೆ ಅಕ್ಕ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ಮಿರ್ಗುಲ್‌ಳನ್ನು ಅದೇ ಊರಿಗೆ ಕೊಟ್ಟಿದ್ದಳು, ಅವಳಿಗೊಬ್ಬ ಪುಟ್ಟ ಮಗ.

ಯೋಗ ಅವಳಿಗೆ ಸೊಂಟನೋವಿನ ದೆಸೆಯಿಂದ ಬಂದದ್ದು. ನಲವತ್ತೈದರ ಸುಮಾರಿಗೆ ಬೆನ್ನು ಹಿಡಿದು ಮಲಗಿದ್ದಾಗ, ಅದೇ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ರಷ್ಯದ ಹೆಂಗಸೊಬ್ಬಳು ಟೈಪು ಮಾಡಿದ ಹಳೆಯ ಹಾಳೆಗಳ ಕಟ್ಟೊಂದನ್ನು ತಂದುಕೊಟ್ಟಳು. ಅಕ್ಷರ ಮಸುಕಾಗಿತ್ತು, ಚಿತ್ರಗಳನ್ನು ಯಾರೋ ಕೈಯಲ್ಲಿ ಬರೆದಿದ್ದರು. ಆ ಹಾಳೆ ನೋಡಿಕೊಂಡು ಮಾಡುತ್ತ ಮಾಡುತ್ತ ವರ್ಷದೊಳಗೆ ಬೆನ್ನು ನೆಟ್ಟಗಾಯಿತು. ಆಮೇಲೆ ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಎರಡು ಬೇಸಿಗೆ ಕ್ರಮವಾಗಿ ಕಲಿತು ಬಂದಳು. ನಿವೃತ್ತಿಯಾದ ವರ್ಷವೇ ರೈಲ್ವೆಯವರ ಹಳೆಯ ಕ್ಲಬ್ಬಿನ ಮಹಡಿಯಲ್ಲಿ ತರಗತಿ ಶುರುವಾಯಿತು. ವಾರಕ್ಕೆ ಮೂರು ದಿನ, ಬೆಳಗ್ಗೆ ಹತ್ತಕ್ಕೆ, ಹನ್ನೊಂದು ಜನ ಹೆಂಗಸರು. ಮಲಗಿ ಮಾಡುವುದಕ್ಕೆ ಮನೆಯಿಂದ ತಂದ ಕಂಬಳಿ. ನಿಂತು ಮಾಡುವುದೆಲ್ಲ ವಾರ್ನಿಷ್ ಹೊಡೆದ ಬರೀ ಮರದ ನೆಲದ ಮೇಲೆ. ಕಣಿವೆಯಿಂದ ನುಗ್ಗಿ ಬರುವ ಗಾಳಿಗೆ ಕಿಟಕಿಗಳು ಹಲ್ಲು ಕಡಿಯುತ್ತಿದ್ದವು.

ಅವಳ ಮೊದಲ ಕಟ್ಟಳೆ ಬರಿಗಾಲು. ಕಾಲಿಗೂ ಕಣ್ಣಿದೆ, ಬಟ್ಟೆ ಕಟ್ಟಿದರೆ ಅದು ಕುರುಡಾಗುತ್ತದೆ ಎನ್ನುತ್ತಿದ್ದಳು. ಚಳಿ ಎಂದು ಯಾರಾದರೂ ಗೊಣಗಿದರೆ, ಚಳಿ ಇರುವುದು ತಲೆಯಲ್ಲಿ, ಕಾಲಲ್ಲಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅನಾರ್ಕಾನ್ ಅವಳ ಬೀಗಿತಿ, ಮಿರ್ಗುಲ್‌ಳ ಅತ್ತೆ. ಬೀಗಿತಿಯಾಗುವ ಮೊದಲು ಅವಳು ಬುರುಲ್ಚಾಗೆ ಒಂದನೆಯ ಇಯತ್ತೆಯಿಂದ ಗೆಳತಿ. ಒಂದೇ ಬೆಂಚಿನಲ್ಲಿ ಕೂತವರು, ಒಂದೇ ರೊಟ್ಟಿ ಮುರಿದು ತಿಂದವರು. ಮಕ್ಕಳ ಮದುವೆಯಾದ ಮೇಲೆ ನಾಲ್ಕು ಜನರ ಮುಂದೆ ‘ನೀವು’ ಎನ್ನಬೇಕಾಯಿತು, ಬೀಗರಲ್ಲಿ ಅದೇ ಮರ್ಯಾದೆ. ಇಬ್ಬರೇ ಇದ್ದಾಗ ಮಾತ್ರ ಹಳೆಯ ‘ನೀನು’. ಬುರುಲ್ಚಾ ಮೈದಾನದಲ್ಲಿ ಕಾಲ ಕಳೆದರೆ ಅನಾರ್ಕಾನ್ ಇಪ್ಪತ್ತೆರಡು ವರ್ಷ ಮೀನಿನ ಕಾರ್ಖಾನೆಯಲ್ಲಿ ಮೀನು ಸೀಳಿದ್ದಳು. ಸಿಮೆಂಟು ನೆಲದ ಮೇಲೆ ದಿನವಿಡೀ ತಣ್ಣನೆಯ ಉಪ್ಪುನೀರು ಹರಿಯುತ್ತಿತ್ತು. ಗಂಬೂಟಿನೊಳಗೆ ಇಳಿದ ನೀರು ಸಂಜೆಯವರೆಗೂ ಅಲ್ಲೇ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಅವಳ ಪಾದ ಆ ನೀರಿನಿಂದ ಹೊರಗೆ ಬಂದಿರಲಿಲ್ಲ. ಬೆರಳುಗಳು ಒಂದರ ಮೇಲೊಂದು ಹತ್ತಿದ್ದವು, ಉಗುರು ಹಳದಿಗಟ್ಟಿ ಕೊಂಬಿನಂತೆ ದಪ್ಪವಾಗಿತ್ತು, ಹಿಮ್ಮಡಿ ಸೀಳಿತ್ತು. ಆ ಪಾದವನ್ನು ಅವಳ ಗಂಡ ಕೂಡ ಬೆಳಕಿನಲ್ಲಿ ನೋಡಿರಲಿಲ್ಲ ಎಂದು ಅವಳೇ ನಗೆಯಾಡುತ್ತಿದ್ದಳು. ಗಂಡ ಹೋಗಿ ಆರು ವರ್ಷವಾಗಿತ್ತು.

ಬೀಗಿತಿಯ ಬಲವಂತಕ್ಕೆ ಅವಳು ತರಗತಿಗೆ ಬಂದಳು. ಬಂದವಳು ಮೊಣಕಾಲವರೆಗಿನ ಉಣ್ಣೆಯ ಕಾಲುಚೀಲ ಬಿಚ್ಚಲಿಲ್ಲ. ಮೊದಲ ದಿನ ಬುರುಲ್ಚಾ ನೋಡಿಯೂ ನೋಡದಂತಿದ್ದಳು. ಎರಡನೆಯ ದಿನವೂ ಸುಮ್ಮನಿದ್ದಳು. ಮೂರನೆಯ ದಿನ ಉಳಿದವರು ಕಣ್ಣಲ್ಲೇ ಮಾತಾಡಿಕೊಳ್ಳುವುದು ಕಂಡಿತು. ತನ್ನ ಕಟ್ಟಳೆ ತನ್ನ ಮನೆಯವರಿಗೆ ಇಲ್ಲ ಎಂದಾದರೆ ಆ ಕಟ್ಟಳೆ ಯಾಕೆ ಎನಿಸಿತು.

“ಬೀಗಿತ್ತಿ, ಸಾಕ್ಸ್ ತೆಗೀರಿ,” ಅಂದಳು, ಎಲ್ಲರಿಗೂ ಕೇಳುವಂತೆ.

“ಕಾಲು ಸೇದುತ್ತೆ ಕಣ್ರೀ. ಇದೊಂದು ಬಿಟ್ಬಿಡಿ,” ಎಂದಳು ಅನಾರ್ಕಾನ್, ನಗುತ್ತಲೇ.

“ನಿಮಗೆ ಬಿಟ್ರೆ ನಾಳೆ ಹನ್ನೊಂದು ಜನಾನೂ ಗಂಬೂಟು ಹಾಕ್ಕೊಂಡು ಬರ್ತಾರೆ.”

ಹೆಂಗಸರು ನಕ್ಕರು. ಗಂಬೂಟಿನ ಮಾತು ಎಲ್ಲಿ ತಾಗುತ್ತದೆಂದು ಬುರುಲ್ಚಾಗೆ ಹೊಳೆದದ್ದು ಮಾತು ಆಡಿದ ಮೇಲೆ. ಅನಾರ್ಕಾನ್ ನೆಲದ ಮೇಲೆ ಕೂತು, ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು ಬಿಚ್ಚಿ, ಜೋಡಿಸಿ ಮಡಚಿ ಪಕ್ಕಕ್ಕಿಟ್ಟಳು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಹುಡುಗಿ ಕಿಟಕಿಯ ಕಡೆ ತಿರುಗಿದಳು. ಪಕ್ಕದಲ್ಲಿದ್ದ ಇನ್ನೊಬ್ಬಳು ತನ್ನ ಕಂಬಳಿಯನ್ನು ಒಂದು ಗೇಣು ಆಚೆಗೆ ಎಳೆದುಕೊಂಡಳು ಅಷ್ಟೆ. ಅನಾರ್ಕಾನ್ ಆ ಗೇಣನ್ನು ನೋಡಿದಳು. ತರಗತಿ ಮುಗಿಯುವವರೆಗೂ ಹೇಳಿದ್ದನ್ನೆಲ್ಲ ಮಾಡಿದಳು. ಮುಂದಿನ ತರಗತಿಯಿಂದ ಬರಲಿಲ್ಲ.

ಒಂದು ತಿಂಗಳಾಯಿತು. ಬುರುಲ್ಚಾ ಮಗಳನ್ನು ವಿಚಾರಿಸಿದಳು. ಅತ್ತೆ ಏನೂ ಅಂದಿಲ್ಲ, ನಿನ್ನ ಸುದ್ದಿ ಬಂದರೆ ಒಳ್ಳೆಯ ಮಾತೇ ಆಡುತ್ತಾರೆ, ಆದರೆ ಈಗ ಕಾಲು ತೊಳೆಯುವುದಕ್ಕೂ ಬಾಗಿಲು ಹಾಕಿಕೊಳ್ಳುತ್ತಾರೆ ಎಂದಳು ಮಿರ್ಗುಲ್. ಹೋಗಿ ತಪ್ಪಾಯಿತು ಅಂದುಬಿಡು ಎಂದೂ ಹೇಳಿದಳು. ತಪ್ಪಾಯಿತು ಎನ್ನುವ ಮಾತು ಬುರುಲ್ಚಾಳ ಬಾಯಿಗೆ ಅಭ್ಯಾಸವಿರಲಿಲ್ಲ. ಬರಿಗೈಯಲ್ಲಿ ಹೋಗಿ ಆ ಮಾತು ಆಡುವುದಕ್ಕಿಂತ ಕೈತುಂಬ ಏನಾದರೂ ತೆಗೆದುಕೊಂಡು ಹೋಗಿ ಆಡದೆ ಇರುವುದು ಸುಲಭ ಅನಿಸಿತು.

ಬಿಷ್ಕೆಕ್‌ನಲ್ಲಿ ಕಲಿಯುವಾಗ ಕೆಲವರು ಅಂಗಾಲಿಗೆ ರಬ್ಬರಿನ ಚುಕ್ಕಿ ಇಟ್ಟ ಕಾಲುಚೀಲ ಹಾಕಿಕೊಂಡು ಬರುತ್ತಿದ್ದುದು ಅವಳಿಗೆ ನೆನಪಿತ್ತು. ಆಗ ಅದನ್ನು ಶೋಕಿ ಎಂದು ಆಡಿಕೊಂಡಿದ್ದಳು. ಈಗ ಅದೇ ದಾರಿ ಕಂಡಿತು: ಕಾಲು ಮುಚ್ಚಿರುತ್ತದೆ, ಜಾರುವುದಿಲ್ಲ, ಮಾನ ಉಳಿಯುತ್ತದೆ, ತನ್ನ ಕಟ್ಟಳೆಯೂ ಪೂರ್ತಿ ಮುರಿಯುವುದಿಲ್ಲ. ಮುಂದಿನ ಭಾನುವಾರ ವ್ಯಾನು ಹತ್ತಿ ಬಿಷ್ಕೆಕ್‌ಗೆ ಹೋದಳು.

ಮೊದಲು ಹೋದದ್ದು ಆಟದ ಸಾಮಾನಿನ ದೊಡ್ಡ ಅಂಗಡಿಗೆ. ಅಲ್ಲಿದ್ದ ಹುಡುಗಿ ಕೆಲಸ ಬಲ್ಲವಳು. ಒಂದು ಜೋಡಿ ತೆಗೆದು ಕೈಗೇ ತೊಡಿಸಿಕೊಂಡು ಗಾಜಿನ ಮೇಜಿನ ಮೇಲೆ ಒತ್ತಿ ತಳ್ಳಿ ತೋರಿಸಿದಳು, ಕೈ ಕದಲಲಿಲ್ಲ. ಚುಕ್ಕಿ ಅಂಗಾಲಿನ ನಡುವೆ ಮಾತ್ರ ಇದ್ದರೆ ಸಾಲದು, ಬೆರಳ ಕೆಳಗೂ ಹಿಮ್ಮಡಿಗೂ ಇರಬೇಕು ಅಂದಳು. ಒಳಗಿಂದ ತಿರುಗಿಸಿ ನೋಡಬೇಕು, ರಬ್ಬರು ನೂಲಿನೊಳಗೆ ಇಳಿದಿರಬೇಕು, ಮೇಲೆ ಮೆತ್ತಿದ ಹಾಗಿದ್ದರೆ ನಾಲ್ಕು ಒಗೆತಕ್ಕೆ ಉದುರುತ್ತದೆ. ಸಡಿಲವಾಗಿದ್ದರೆ ಕಾಲುಚೀಲ ನಿಂತಲ್ಲೇ ನಿಂತು ಒಳಗೆ ಕಾಲು ಜಾರುತ್ತದೆ, ಆದ್ದರಿಂದ ಪಾದವನ್ನು ಕಚ್ಚಿ ಹಿಡಿದಿರಬೇಕು. ಬುರುಲ್ಚಾ ಎಲ್ಲವನ್ನೂ ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡಳು. ಬೆಲೆ ಕೇಳಿದ ಮೇಲೆ, ಇದು ಕಾಲಿಗೆ ಹಾಕುವುದೋ ತಲೆಗೆ ಹಾಕುವುದೋ ಎಂದು ಹೇಳಿ ಹೊರಗೆ ಬಂದಳು.

ದೊಡ್ಡ ಬಜಾರಿನಲ್ಲಿ ಅದೇ ಮಾಲು ರಾಶಿ ಬಿದ್ದಿತ್ತು. ಇಲ್ಲಿ ಚುಕ್ಕಿಯ ಬದಲು ಪುಟ್ಟ ಪುಟ್ಟ ಹೂವು. ಅಂಗಡಿಯಲ್ಲಿ ಒಂದಕ್ಕೆ ಕೇಳಿದ ದುಡ್ಡಿಗೆ ಇಲ್ಲಿ ಒಂದು ಕೈಚೀಲ ತುಂಬುತ್ತಿತ್ತು.

“ಅದೂ ಇದೂ ಒಂದೇ ಕಾರ್ಖಾನೇದು ಎಜೆ,” ಎಂದ ಮಾರುವವನು. “ಅಲ್ಲಿ ಗಾಜಿನ ಬಾಗಿಲಿನ ಬಾಡಿಗೇನೂ ಸೇರಿಸ್ತಾರೆ, ಅಷ್ಟೇ.”

ಆ ಮಾತು ಅವಳಿಗೆ ಹಿಡಿಸಿತು. ತಾನೇ ಆಡಬೇಕಾಗಿದ್ದ ಮಾತಿನ ಹಾಗಿತ್ತು. ಅನಾರ್ಕಾನ್‌ಗೆ ಮಾತ್ರ ತಂದರೆ ಮತ್ತೆ ಅವಳ ಕಾಲನ್ನು ಎತ್ತಿ ತೋರಿಸಿದಂತಾಗುತ್ತದೆ ಎಂದು ತರಗತಿಯ ಎಲ್ಲರಿಗೂ ಕೊಂಡಳು. ಬೀಗಿತಿಗೆಂದು ದಾಳಿಂಬೆ ಬಣ್ಣದ್ದನ್ನು ಆರಿಸಿದಳು. ಬಣ್ಣ ನೋಡುವುದರಲ್ಲೇ ಅರ್ಧ ಗಂಟೆ ಹೋಯಿತು. ಕೈಗೆ ತೊಡಿಸಿ ತಳ್ಳಿ ನೋಡಲಿಲ್ಲ. ಒಳಗಿಂದ ತಿರುಗಿಸಲೂ ಇಲ್ಲ.

ವ್ಯಾನು ಕಣಿವೆಯ ತಿರುವುಗಳಲ್ಲಿ ತೂಗುತ್ತಿದ್ದಾಗ ದಾಳಿಂಬೆ ಬಣ್ಣದ ಜೋಡಿಯನ್ನು ಮತ್ತೊಮ್ಮೆ ನೋಡುವ ಆಸೆಯಾಯಿತು. ಅಂಗಾಲನ್ನು ಮೇಲಕ್ಕೆ ಮಾಡಿ ಒಂದು ಹೂವನ್ನು ಹೆಬ್ಬೆರಳ ಉಗುರಿನಿಂದ ಸುಮ್ಮನೆ ಕೆರೆದಳು. ಆರಿದ ಗಂಜಿಯ ಕೆನೆ ಏಳುವ ಹಾಗೆ ಹೂವು ಇಡಿಯಾಗಿ ಎದ್ದು ಬಂತು. ಬೆರಳುಗಳ ಕೆಳಗೆ ಹೂವೇ ಇಲ್ಲ ಎನ್ನುವುದನ್ನೂ ಆಗಲೇ ಗಮನಿಸಿದಳು. ಇನ್ನೊಂದನ್ನು ಕೆರೆದು ನೋಡಲು ಉಗುರು ಎತ್ತಿದವಳು ಕೆರೆಯಲಿಲ್ಲ. ಒಂದು ಹೋದರೆ ಉಳಿದವು ಇವೆಯಲ್ಲ ಎಂದುಕೊಂಡಳು. ಕಿತ್ತ ಹೂವನ್ನು ಕೋಟಿನ ಮೇಲಿಂದ ಕೊಡವಿ, ಅಂಗಾಲು ಒಳಗಾಗುವಂತೆ ಕಾಲುಚೀಲವನ್ನು ಸುರುಳಿ ಸುತ್ತಿ ಕೈಚೀಲದ ತಳಕ್ಕೆ ಇಟ್ಟಳು. ಕಣಿವೆ ದಾಟಿ ಸರೋವರ ಕಾಣಿಸಿಕೊಳ್ಳುವ ಹೊತ್ತಿಗೆ ಬೇರೆ ಯೋಚನೆಗಳು ಬಂದಿದ್ದವು.

ಅನಾರ್ಕಾನ್ ಆ ಉಡುಗೊರೆಯನ್ನು ಕಂಡು ಎಳೆಯ ಹುಡುಗಿಯಂತೆ ಹಿಗ್ಗಿದಳು. ಆಗಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ತೊಟ್ಟು ಬಂದು ಜಮಖಾನದ ಮೇಲೆ ನಾಲ್ಕು ಹೆಜ್ಜೆ ನಡೆದು ತೋರಿಸಿದಳು.

“ಈ ವಯಸ್ಸಲ್ಲಿ ನನಗೆ ಹೂವಿನ ಮೇಲೆ ನಡೆಯೋ ಯೋಗ ಬಂತಲ್ಲೇ,” ಅಂದಳು.

ತಪ್ಪಾಯಿತು ಎಂದು ಬುರುಲ್ಚಾ ಹೇಳಲಿಲ್ಲ, ಅನಾರ್ಕಾನ್ ಕೇಳಲೂ ಇಲ್ಲ. ಬೋರ್ಸೋಕ್ ಎಂಬ ಹಿಟ್ಟಿನ ಉಂಡೆಗಳನ್ನು ಬಿಸಿಬಿಸಿಯಾಗಿ ಕರಿದು, ಏಪ್ರಿಕಾಟಿನ ಜಾಮು ಇಟ್ಟು, ಇಬ್ಬರೂ ಹೊತ್ತು ಮುಳುಗುವವರೆಗೆ ಶಾಲೆಯ ಕಾಲದ ಸುದ್ದಿ ಆಡಿದರು.

ಆ ಚಳಿಗಾಲದ ಎರಡು ತಿಂಗಳು ಅನಾರ್ಕಾನ್‌ಳನ್ನು ನೋಡಿದವರು, ಅವಳ ಬೆನ್ನಿನಿಂದ ಹತ್ತು ವರ್ಷ ಇಳಿದಿದೆ ಎನ್ನುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದು ಕಿಟಕಿಯ ಪಕ್ಕದ ಜಾಗ ಹಿಡಿಯುತ್ತಿದ್ದಳು. ಒಂಟಿಕಾಲಿನಲ್ಲಿ ನಿಲ್ಲುವುದು ಉಳಿದವರಿಗೆ ಬರುವ ಮೊದಲೇ ಅವಳಿಗೆ ಬಂತು. ಇಪ್ಪತ್ತೆರಡು ವರ್ಷ ನಿಂತದ್ದು ದಂಡವಾಗಲಿಲ್ಲ ಎಂದು ನಗಿಸಿದಳು. ಮನೆಯಲ್ಲೂ ಅದನ್ನೇ ತೊಡುತ್ತಿದ್ದಳು. ಮಿರ್ಗುಲ್ ಅದನ್ನು ಎಲ್ಲ ಬಟ್ಟೆಗಳ ಜೊತೆ ಕುದಿನೀರಿನಲ್ಲಿ ತೊಳೆದು ಒಲೆಯ ಕೊಳವೆಯ ಮೇಲೆ ಒಣಗಿಸುತ್ತಿದ್ದಳು. ರಬ್ಬರಿಗೆ ಬಿಸಿ ಆಗದು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ನಡುವೆ ಒಂದು ದಿನ ಬ್ಯಾಂಕಿನ ಹುಡುಗಿ, “ಎಜೆ, ನನ್ನ ಸಾಕ್ಸಿಂದ ಹೂವು ಉದುರ್ತಾ ಇದೆ,” ಎಂದಳು. ಕಾಲಿನ ಉಗುರು ಕತ್ತರಿಸಿಕೋ, ಉದುರುವುದಿಲ್ಲ ಎಂದಳು ಬುರುಲ್ಚಾ. ಎಲ್ಲರೂ ನಕ್ಕರು. ಹುಡುಗಿ ಕಾಲುಚೀಲವನ್ನು ಮೇಲಕ್ಕೆಳೆದುಕೊಂಡು ತನ್ನ ಜಾಗಕ್ಕೆ ಹೋದಳು.

ಫೆಬ್ರವರಿಯಲ್ಲಿ ಅದು ಆಯಿತು. ವೀರಭದ್ರಾಸನ ನಡೆಯುತ್ತಿತ್ತು. ಒಂದು ಕಾಲು ಮುಂದೆ ಮಡಚಿ, ಇನ್ನೊಂದು ಹಿಂದೆ ದೂರಕ್ಕೆ ಚಾಚಿ, ಎರಡೂ ಕೈ ಅಗಲಿಸಿ ನಿಲ್ಲಬೇಕು. ಅನಾರ್ಕಾನ್ ಎಂದಿನಂತೆ ಕಾಲನ್ನು ಅಳತೆ ಮಾಡಿ ಇಟ್ಟಿದ್ದಳು.

“ಇನ್ನೂ ಅಗಲ, ಬೀಗಿತ್ತಿ. ಹೂವು ಹಾಕ್ಕೊಂಡಿದ್ದೀರಲ್ಲ, ಭಯ ಯಾಕೆ.”

ಅನಾರ್ಕಾನ್ ನಕ್ಕು ಹಿಂಗಾಲನ್ನು ಇನ್ನೊಂದಿಷ್ಟು ಸರಿಸಿದಳು. ಕಾಲು ಸರಿದದ್ದು ನಿಲ್ಲಲಿಲ್ಲ. ಗಾಜಿನ ಮೇಲೆ ಜಾರಿದಂತೆ ಹಿಂದಕ್ಕೆ ಹೋಯಿತು, ಮೈ ಪಕ್ಕಕ್ಕೆ ವಾಲಿತು. ದೊಡ್ಡ ಸದ್ದೇನೂ ಆಗಲಿಲ್ಲ. ಹಿಟ್ಟಿನ ಮೂಟೆಯನ್ನು ನೆಲಕ್ಕೆ ಇಟ್ಟಷ್ಟು ಆಯಿತು. ಅವಳೇ ಮೊದಲು ನಕ್ಕಳು. ಆಮೇಲೆ ಏಳಲು ಹೋದಳು, ಮುಖ ಬೂದಿಯಾಯಿತು.

ಆಂಬುಲೆನ್ಸಿಗೆ ಕಾಯುವಾಗ ಬುರುಲ್ಚಾ ನೆಲ ನೋಡಿದಳು. ಕಾಲು ಜಾರಿದ ದಾರಿಯುದ್ದಕ್ಕೂ ಐದಾರು ಪುಟ್ಟ ಹೂವುಗಳು ಬಿದ್ದಿದ್ದವು. ಕಂಬಳಿ ಹೊದಿಸುವ ನೆಪದಲ್ಲಿ ಬಾಗಿ ಅವನ್ನು ಅಂಗೈಯಲ್ಲಿ ಬಳಿದು ಜೇಬಿಗೆ ಹಾಕಿಕೊಂಡಳು. ಹೆಂಗಸರು ಸುತ್ತ ನಿಂತು, ಹೇಗಾಯಿತು ಎಜೆ, ಯಾಕೆ ಹೀಗಾಯಿತು ಎಂದು ಒಬ್ಬರ ಮೇಲೊಬ್ಬರು ಕೇಳುತ್ತಿದ್ದರು.

“ಹಿಮ್ಮಡಿ ಒತ್ತಿ ಹಿಡೀಲಿಲ್ಲ,” ಎಂದಳು ಬುರುಲ್ಚಾ. “ನೂರು ಸಲ ಹೇಳಿದ್ದೆ.”

ಒಂದು ಮಾತನ್ನು ಯಾರಿಗೂ ಎರಡು ಸಲ ಹೇಳದವಳು ನೂರು ಸಲ ಹೇಳಿದ್ದೆ ಅಂದಳು, ಎಲ್ಲರೂ ನಂಬಿದರು. ಕೆಳಗೆ ಮಲಗಿದ್ದ ಅನಾರ್ಕಾನ್ ಕೂಡ ನಂಬಿದಳು. “ಹೌದು, ಹಿಮ್ಮಡಿ ನಂದೇ ಸರಿ ಇಲ್ಲ,” ಎಂದು ಕಣ್ಣು ಮುಚ್ಚಿಕೊಂಡಳು.

ತೊಡೆಯ ಸಂದಿನ ಮೂಳೆ ಮುರಿದಿತ್ತು. ಬಿಷ್ಕೆಕ್‌ಗೆ ಕೊಂಡೊಯ್ದು ಕಬ್ಬಿಣ ಹಾಕಿಸಿ ತಂದರು. ಮೂಳೆ ಕೂಡಿತು, ನೇರವಾಗಿ ಕೂಡಲಿಲ್ಲ. ಒಂದು ಕಾಲು ಎರಡು ಬೆರಳು ಗಿಡ್ಡವಾಯಿತು. ನಾಲ್ಕು ಕಾಲಿನ ಊರುಗೋಲು ಹಿಡಿದು ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ, ಅಷ್ಟೇ ಅವಳ ಊರು. ಮಿರ್ಗುಲ್ ಅಂಚೆಕಚೇರಿಯ ಕೆಲಸ ಬಿಟ್ಟಳು. ಮೀಯಿಸಿ ಉಡಿಸುವುದು, ಎತ್ತಿ ಕೂರಿಸುವುದು, ಹಾಸಿಗೆಯಲ್ಲೇ ಆದದ್ದನ್ನು ತೆಗೆಯುವುದು ಎಲ್ಲವೂ ಸೊಸೆಯ ಪಾಲಿಗೆ ಬಂತು. ಅವಳ ಗಂಡ ಎರ್ಮೆಕ್ ಲಾರಿ ಓಡಿಸುವವನು, ತಿಂಗಳಿಗೆ ಹತ್ತು ದಿನ ಮನೆಯಲ್ಲಿ. ಅವನು ತನ್ನ ಅತ್ತೆ ಬುರುಲ್ಚಾಳ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದವಳು ಅನಾರ್ಕಾನ್‌ಳ ಅಕ್ಕ ಬಾತ್ಮಾ. ತಂಗಿಯನ್ನು ನೋಡಲು ಬಂದಾಗಲೆಲ್ಲ ಮಿರ್ಗುಲ್‌ಗೆ ಕೇಳುವಂತೆ, “ತಾಯಿ ಬೀಳಿಸ್ತಾಳೆ, ಮಗಳು ಎತ್ತುತ್ತಾಳೆ. ಒಳ್ಳೇ ಮನೆತನ,” ಎನ್ನುವಳು.

ಬುರುಲ್ಚಾ ಹದಿನೈದು ದಿನ ತರಗತಿ ಮುಚ್ಚಿದಳು. ತೆರೆದ ದಿನ ಎಲ್ಲರ ಹೂವಿನ ಕಾಲುಚೀಲಗಳನ್ನೂ ಕೇಳಿ ಪಡೆದು ಕ್ಲಬ್ಬಿನ ಒಲೆಗೆ ಹಾಕಿದಳು. ರಬ್ಬರಿನ ಕಮಟು ಮೂರು ದಿನ ಮಹಡಿಯಿಂದ ಹೋಗಲಿಲ್ಲ. ಅಂದಿನಿಂದ ಬರಿಗಾಲು ಬೇಕಾದವರು ಬರಿಗಾಲು. ಕಾಲುಚೀಲ ಬೇಕಾದವರು ಅವಳಿಗೆ ತೋರಿಸಿಯೇ ಒಳಗೆ ಕಾಲಿಡಬೇಕು. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುವಳು. ಒಂದೊಂದೇ ಪಾದ ಎತ್ತಿಸಿ ಚುಕ್ಕಿಗಳನ್ನು ಉಗುರಿನಿಂದ ಕೆರೆದು ನೋಡುವಳು, ಒಳಗಿಂದ ತಿರುಗಿಸುವಳು, ಕೈಗೆ ತೊಟ್ಟು ನೆಲದ ಮೇಲೆ ತಳ್ಳುವಳು. ಒಂದು ಚುಕ್ಕಿ ಬಿರುಕು ಬಿಟ್ಟಿದ್ದರೂ ವಾಪಸು. ತಣ್ಣೀರಿನಲ್ಲಿ ಕೈಯಿಂದ ಒಗೆಯಬೇಕು, ಹಿಂಡಬಾರದು, ನೆರಳಿನಲ್ಲಿ ಒಣಗಿಸಬೇಕು ಎಂದು ಪ್ರತಿ ಸಲ ಹೇಳುವಳು. ಹೆಂಗಸರು ಅದಕ್ಕೆ ಗಡಿಯ ಚೌಕಿ ಎಂದು ಹೆಸರಿಟ್ಟರು; ಪಾಸ್‌ಪೋರ್ಟು ತಂದಿದ್ದೀಯಾ ಎಂದು ಒಬ್ಬರನ್ನೊಬ್ಬರು ಕೇಳುವರು. ಬೀಗಿತಿಗೆ ಹಾಗಾದ ಮೇಲೆ ಎಜೆಗೆ ನಮ್ಮ ಮೇಲೆ ಎಷ್ಟು ಕಾಳಜಿ ಎಂದೂ ಹೇಳಿಕೊಳ್ಳುವರು. ಬೈದಿದ್ದರೆ ಬುರುಲ್ಚಾ ತಡೆದುಕೊಳ್ಳುತ್ತಿದ್ದಳು. ಆ ಹೊಗಳಿಕೆಯನ್ನು ನುಂಗುವುದು ಕಷ್ಟವಾಗುತ್ತಿತ್ತು.

ವಾರಕ್ಕೊಮ್ಮೆ ಅನಾರ್ಕಾನ್‌ಳ ಮನೆಗೆ ಹೋಗುವಳು. ಸಾರು, ಹಣ್ಣು, ಒಮ್ಮೆ ಮೃದುವಾದ ಕುರಿತುಪ್ಪಳದ ಚಪ್ಪಲಿ. ಅನಾರ್ಕಾನ್ ಹಳೆಯ ಹಾಗೇ ನಗುನಗುತ್ತ ಮಾತಾಡಿಸುವಳು. ತನ್ನ ಕಾಲನ್ನು ತಾನೇ ಬೈದುಕೊಳ್ಳುವಳು: ಮೀನಿನ ಕಾರ್ಖಾನೆಯಲ್ಲೇ ಕೊಳೆತದ್ದು, ಯೋಗ ಮಾಡಿದರೆ ಚಿಗುರುತ್ತದೆಯೇ, ದುರಾಸೆಗೆ ತಕ್ಕದ್ದಾಯಿತು. ಆ ಮಾತು ಬಂದಾಗಲೆಲ್ಲ ಬುರುಲ್ಚಾ ಕಿಟಕಿಯ ಗಾಜಿನಲ್ಲಿ ಏನೋ ಇದೆ ಎನ್ನುವ ಹಾಗೆ ನೋಡುವಳು.

ಜುಲೈನಲ್ಲಿ ಏಪ್ರಿಕಾಟು ಹಣ್ಣಾದಾಗ ಮಿರ್ಗುಲ್ ಒಂದು ದಿನದ ಮಟ್ಟಿಗೆ ತಾಯಿಯ ಮನೆಗೆ ಬಂದಳು. ಅಂಗಳದಲ್ಲಿ ಕೂತು ಇಬ್ಬರೂ ಜಾಮಿಗೆಂದು ಬೀಜ ಬಿಡಿಸುತ್ತಿದ್ದರು. ಮಗಳ ಕೈ ಒರಟಾಗಿತ್ತು, ಮುಖ ಬತ್ತಿತ್ತು. ಬುರುಲ್ಚಾಗೆ ತಡೆಯಲಾಗಲಿಲ್ಲ. ವ್ಯಾನಿನಲ್ಲಿ ಉಗುರಿಗೆ ಎದ್ದು ಬಂದ ಹೂವಿನಿಂದ ಹಿಡಿದು ಜೇಬಿಗೆ ಹಾಕಿಕೊಂಡ ಹೂವಿನವರೆಗೆ ಎಲ್ಲವನ್ನೂ ಹೇಳಿದಳು. ಮಿರ್ಗುಲ್ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ನನಗೆ ಗೊತ್ತಿತ್ತಮ್ಮ,” ಅಂದಳು.

“ಏನು ಗೊತ್ತಿತ್ತು?”

“ಒಗೆಯೋವಾಗ ಕೈಗೆ ಬರ್ತಿತ್ತು. ಎರಡನೇ ವಾರದಿಂದಾನೇ. ಕೊನೇಲಿ ಒಂದು ಕಾಲಲ್ಲಿ ಅರ್ಧಾನೂ ಇರ್ಲಿಲ್ಲ.”

“ಹಾಗಿದ್ರೆ ಅವಳಿಗೆ ಹೇಳ್ಬಾರ್ದಿತ್ತಾ?”

“ಏನಂತ ಹೇಳ್ಲಿ? ನಮ್ಮಮ್ಮ ತಂದಿದ್ದು ಕಳಪೆ ಮಾಲು ಅಂತಾನಾ? ಅವರು ಅದನ್ನ ಬಂದೋರಿಗೆಲ್ಲ ತೋರಿಸ್ತಾ ಇದ್ರು, ನನ್ನ ಬೀಗಿತ್ತಿ ಕೊಟ್ಟಿದ್ದು ಅಂತ. ಆ ಮನೇಲಿ ನಿನ್ನ ಹೆಸರು ಒಂದು ಸಲಾನಾದ್ರೂ ಚೆನ್ನಾಗಿರ್ಲಿ ಅಂದ್ಕೊಂಡೆ.”

ಜಾಮು ಕುದಿಯಿತು, ಶೀಶೆಗೆ ತುಂಬಿದರು. ಹೋಗುವಾಗ ಮಿರ್ಗುಲ್, ಇದನ್ನು ಇಲ್ಲಿಗೇ ಬಿಡು, ಆದದ್ದು ಆಯಿತು ಎಂದು ಹೇಳಿಯೇ ಹೋದಳು.

ಬಿಟ್ಟುಬಿಡುವುದು ಬುರುಲ್ಚಾಳಿಂದ ಆಗಲಿಲ್ಲ. ಮಗಳಿಗೆ ಹೇಳಿದ ಮೇಲೆ ಎದೆಯ ಭಾರ ಕಡಿಮೆಯಾಗುವ ಬದಲು ಹೆಚ್ಚಿತು. ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ, ಮಿರ್ಗುಲ್ ಮಾರುಕಟ್ಟೆಗೆ ಹೋಗುವ ಹೊತ್ತನ್ನೇ ನೋಡಿಕೊಂಡು ಬೀಗಿತಿಯ ಮನೆಗೆ ಹೋದಳು. ಚಹಾ ಸುರಿಯುವುದು ಸೊಸೆಯ ಕೆಲಸ; ಆ ದಿನ ಅನಾರ್ಕಾನ್ ತಾನೇ ಕೆಟಲು ಹತ್ತಿರ ಎಳೆದುಕೊಂಡು, ನೆಂಟರಿಗೆ ಮರ್ಯಾದೆಯಿಂದ ಕೊಡುವಂತೆ ಬಟ್ಟಲಿನ ಕಾಲುಭಾಗ ಮಾತ್ರ ಸುರಿದುಕೊಟ್ಟಳು. ಕಾಲು ಬಟ್ಟಲು ಎಂದರೆ ಇನ್ನೂ ಕೂತಿರು, ಮತ್ತೆ ಮತ್ತೆ ಸುರಿಯುತ್ತೇನೆ ಎಂದು ಅರ್ಥ.

ಬುರುಲ್ಚಾ ಹೇಳಿದಳು. ಗೆಳತಿಯನ್ನು ಮೊದಲಿನ ಹಾಗೆ ನೀನು ಎಂದೇ ಕರೆದು, ಅಂಗಡಿಯ ಹುಡುಗಿ ಏನೇನು ಹೇಳಿಕೊಟ್ಟಿದ್ದಳು, ತಾನು ಯಾವುದನ್ನು ನೋಡಲಿಲ್ಲ, ನೋಡಿದ ಮೇಲೂ ಯಾವುದನ್ನು ಮುಚ್ಚಿಟ್ಟೆ ಎಂಬುದನ್ನೆಲ್ಲ ಒಂದನ್ನೂ ಬಿಡದೆ ಹೇಳಿದಳು. ಹಿಮ್ಮಡಿಯ ಮಾತು ಸುಳ್ಳು ಎಂದಳು. ತಪ್ಪಾಯಿತು ಎನ್ನುವ ಮಾತನ್ನೂ ಕೊನೆಗೆ ಆಡಿದಳು.

ಅನಾರ್ಕಾನ್ ತನ್ನ ಗಿಡ್ಡ ಕಾಲಿನ ಮೇಲೆ ಕೈಯಿಟ್ಟಳು.

“ಎಂಟು ತಿಂಗಳಿಂದ ನಾನು ಈ ಕಾಲನ್ನ ಶಪಿಸ್ತಾ ಇದೀನಿ,” ಎಂದಳು. “ನಮ್ಮಕ್ಕ ನಿಮ್ಮನ್ನ ಅಂದಾಗೆಲ್ಲ ಅವಳ ಜೊತೆ ಜಗಳ ಆಡಿದೀನಿ. ನನ್ನ ಬೀಗಿತ್ತಿ ನೂರು ಸಲ ಹೇಳಿದ್ರು, ನಾನೇ ಕೇಳ್ಲಿಲ್ಲ ಅಂತ.”

ಮನೆಯಲ್ಲಿ ಇಬ್ಬರೇ ಇದ್ದರು. ಆದರೂ ಅವಳು ನೀವು ಎಂದೇ ಆಡುತ್ತಿದ್ದಳು.

“ನಾನೀಗ ಏನು ಮಾಡ್ಲಿ ಹೇಳು.”

“ಏನೂ ಮಾಡ್ಬೇಡಿ. ಇದು ಇನ್ಯಾರಿಗೆ ಗೊತ್ತು?”

ಬುರುಲ್ಚಾಳ ನಾಲಿಗೆಯ ತುದಿಗೆ ಮಗಳ ಹೆಸರು ಬಂದು ನಿಂತಿತು. “ಯಾರಿಗೂ ಗೊತ್ತಿಲ್ಲ,” ಅಂದಳು.

“ಹಾಗಿದ್ರೆ ಯಾರಿಗೂ ಗೊತ್ತಾಗೋದು ಬೇಡ. ಆ ಹುಡುಗಿ ಈ ಮನೇಲಿ ಬಾಳಬೇಕು.”

ಅನಾರ್ಕಾನ್ ಬುರುಲ್ಚಾಳ ಬಟ್ಟಲನ್ನು ತೆಗೆದುಕೊಂಡು, ಕೆಟಲು ಬಗ್ಗಿಸಿ, ಚಹಾ ಅಂಚಿನವರೆಗೆ ಬಂದು ತುಳುಕುವಷ್ಟು ತುಂಬಿಸಿ ಮುಂದಿಟ್ಟಳು. ತುಂಬಿದ ಬಟ್ಟಲು ಕೊಟ್ಟರೆ ಕುಡಿದು ಹೊರಡು ಎಂದರ್ಥ. ಆ ನಾಡಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಬುರುಲ್ಚಾ ಕೈ ಸುಡುತ್ತಿದ್ದರೂ ಎತ್ತಿ ಅಷ್ಟನ್ನೂ ಕುಡಿದು ಎದ್ದಳು.

ಏನಾಯಿತೆಂದು ಮಿರ್ಗುಲ್‌ಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ತಾಯಿಯ ಮನೆಗೆ ಬಂದು ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತು, ನನ್ನ ಹೆಸರು ಹೇಳಿದೆಯಾ ಎಂದು ಕೇಳಿದಳು. ಇಲ್ಲ ಎಂದಳು ಬುರುಲ್ಚಾ.

“ಹೇಳಿದ್ರೇ ಚೆನ್ನಾಗಿರ್ತಿತ್ತು,” ಎಂದಳು ಮಿರ್ಗುಲ್. “ಅವತ್ತಿಂದ ಅತ್ತೆ ನನ್ನ ತಲೆ ನೇವರಿಸ್ತಾರೆ. ಏನೂ ಹೇಳಲ್ಲ, ಏನೂ ಅರಿಯದ ಪಾಪದ ಹುಡುಗಿ ಅಂತಾರೆ. ನಾನು ಅವರ ಕಾಲು ಒರೆಸ್ತಾ ಹೂಂ ಅಂತೀನಿ. ನೀನು ಹೇಳಿ ಎದ್ದು ಬಂದೆ. ನಾನು ಅಲ್ಲೇ ಇರ್ಬೇಕಲ್ಲ.”

ಬುರುಲ್ಚಾ ಒಳಗೆ ಬಾ ಎಂದಳು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೇಳಿ ಅವಳು ಹೊರಟುಹೋದಳು. ಆಮೇಲೆ ಹಬ್ಬಕ್ಕೆ ಬಂದಳು, ಮಗುವನ್ನು ಕರೆತಂದಳು, ಬೇಕಾದ ಮಾತು ಆಡಿದಳು. ತನ್ನ ಕಷ್ಟವನ್ನು ಮಾತ್ರ ಮತ್ತೆಂದೂ ತಾಯಿಯ ಮುಂದೆ ಬಿಚ್ಚಲಿಲ್ಲ.

ರೈಲ್ವೆ ಕ್ಲಬ್ಬಿನ ಮಹಡಿಯಲ್ಲಿ ತರಗತಿ ಇನ್ನೂ ನಾಲ್ಕು ವರ್ಷ ನಡೆಯಿತು. ಅಷ್ಟು ದಿನಗಳಲ್ಲಿ ಒಬ್ಬರ ಕಾಲೂ ಜಾರಲಿಲ್ಲ. ಬೇರೆ ಊರುಗಳಿಂದ ಕಲಿಸುವವರು ಬಂದು, ಎಂಥ ಕಾಲುಚೀಲ ಕೊಳ್ಳಬೇಕೆಂದು ಅವಳನ್ನು ಕೇಳಿಕೊಂಡು ಹೋಗುವರು. ಅವಳು ಗಂಟೆಗಟ್ಟಲೆ ತೋರಿಸಿಕೊಡುವಳು. ಅಷ್ಟು ಚೆನ್ನಾಗಿ ಯಾರು ಕಲಿಸಿದರು ಎಂದು ಒಬ್ಬಳು ಕೇಳಿದಾಗ, ಒಂದು ಅಂಗಡಿಯ ಹುಡುಗಿ ಎಂದಳು.

ಮಿರ್ಗುಲ್‌ಳ ಮಗನ ಸುನ್ನತಿಯ ಔತಣದಲ್ಲಿ ಬೀಗಿತಿಯರಿಬ್ಬರನ್ನೂ ಗೌರವದ ಮೇಲಿನ ಜಾಗದಲ್ಲಿ ಅಕ್ಕಪಕ್ಕ ಕೂರಿಸಿದರು. ಕೆನ್ನೆಗೆ ಕೆನ್ನೆ ತಾಗಿಸಿದರು. ಒಬ್ಬರ ತಟ್ಟೆಗೆ ಒಬ್ಬರು ಮಾಂಸದ ಒಳ್ಳೆಯ ತುಂಡು ಎತ್ತಿಟ್ಟರು. ಒಂದೇ ಬೆಂಚಿನ ಗೆಳತಿಯರು ಇಷ್ಟು ವರ್ಷವಾದರೂ ಹೀಗಿದ್ದಾರಲ್ಲ ಎಂದು ಜನ ಮೆಚ್ಚಿಕೊಂಡರು. ಬೀಗರು ಬೀಗರಿಗೆ ಉಡುಗೊರೆ ಕೊಡುವ ಹೊತ್ತು ಬಂದಾಗ ಬುರುಲ್ಚಾ ಅಂಗಡಿಯಲ್ಲಿ ಅರ್ಧ ದಿನ ಎಳೆ ಎಳೆ ನೋಡಿ ಆರಿಸಿದ್ದ ಉಣ್ಣೆಯ ಶಾಲನ್ನು ತೆಗೆದುಕೊಟ್ಟಳು. ಅನಾರ್ಕಾನ್ ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೆ ಮುಟ್ಟಿಸಿ, ನಾಲ್ಕು ಜನರೆದುರು ಹೊಗಳಿದಳು. ಆಮೇಲೆ ಮಡಿಕೆ ಬಿಚ್ಚದೆ ಪಕ್ಕದಲ್ಲಿ ಕೂತಿದ್ದ ಬಾತ್ಮಾಳ ತೊಡೆಯ ಮೇಲೆ ಇಟ್ಟಳು. ನೀನೇ ಹೊದ್ದುಕೋ ಅಕ್ಕ, ನನಗೆ ಈಗ ಹೊರಗೆ ಹೋಗುವುದು ಎಲ್ಲಿದೆ ಎಂದು ಹೇಳಿ, ಬುರುಲ್ಚಾಳ ಕಡೆ ತಿರುಗಿ, ಇನ್ನೊಂದು ತುಂಡು ಮಾಂಸ ಬಡಿಸಿದಳು.